ಎಂಟನೆಯ ಗಂಟೆಯ ನಂತರ: ದೂರದ ಮತ್ತು ಘಾಟಿಯ ಸೈಕಲ್ ಸವಾರಿಗೆ ಸಿದ್ಧತೆ ಕುರಿತು ಒಂದು ಟಿಪ್ಪಣಿ

ಬೆಂಗಳೂರಿನ ಸೈಕಲ್ ಸವಾರರಿಗೆ ದೂರದ ಸವಾರಿಯ ಸಿದ್ಧತೆ ಎಂದರೆ ಬಹುಮಟ್ಟಿಗೆ ನಂದಿಬೆಟ್ಟ. ಊರಿನಿಂದ ಸುಮಾರು 60 ಕಿ.ಮೀ., ಬುಡದಿಂದ ನೆತ್ತಿಗೆ ಏಳೆಂಟು ಕಿ.ಮೀ. ಏರು, ನಾಲ್ಕುನೂರು ಮೀಟರ್‌ಗೂ ಮಿಕ್ಕ ಏರಿಕೆ. ಭಾನುವಾರ ಬೆಳಕು ಹರಿಯುವ ಮೊದಲೇ ಹೆಬ್ಬಾಳ ದಾಟಿ, ಬೆಟ್ಟ ಹತ್ತಿ, ಹತ್ತಲು ಹಿಡಿದ ನಿಮಿಷಗಳನ್ನು ಸ್ಟ್ರಾವಾ ಆ್ಯಪಿನಲ್ಲಿ ನೋಡಿಕೊಂಡು, ತಿಂಡಿ ಮುಗಿಸಿ, ಬಿಸಿಲೇರುವುದರೊಳಗೆ ಮನೆ ಸೇರುವುದು ರೂಢಿ. ಮುಂದಿನ ವಾರ ಅರ್ಧ ನಿಮಿಷ ಕಡಿಮೆಯಾದರೆ ಸಿದ್ಧತೆ ಸರಿದಾರಿಯಲ್ಲಿದೆ ಎಂದು ಲೆಕ್ಕ. ಇದರಲ್ಲಿ ತಪ್ಪೇನಿಲ್ಲ. ಆದರೆ ತಾಜಾ ಕಾಲುಗಳಿಂದ ಅರ್ಧ ಗಂಟೆ ಎಷ್ಟು ಜೋರಾಗಿ ತುಳಿಯಬಹುದು ಎಂಬುದನ್ನಷ್ಟೇ ಈ ಅಳತೆ ಹೇಳುತ್ತದೆ. 300, 400, 600 ಕಿ.ಮೀ. ಸವಾರಿಗಳಲ್ಲಿ, ಅಥವಾ ದಿನದ ಕೊನೆಗೆ ಘಾಟಿ ಬರುವ ಹಾದಿಗಳಲ್ಲಿ, ಜನ ಸೋಲುವುದು ಆ ಅರ್ಧ ಗಂಟೆಯ ಶಕ್ತಿ ಸಾಲದೆ ಅಲ್ಲ ಎಂಬುದು ನನ್ನ ವಾದ. ಅದಕ್ಕೆ ಬೇಕಾದ ಆಧಾರಗಳನ್ನೂ ಸಣ್ಣ ಲೆಕ್ಕಗಳನ್ನೂ ಇಲ್ಲಿ ಕೂಡಿಸಿದ್ದೇನೆ.

ಮೊದಲಿಗೆ ಎತ್ತರ ಮತ್ತು ಏರಿಕೆ ಬೇರೆ ಬೇರೆ ಎಂಬುದನ್ನು ಗಮನಿಸಬೇಕು. ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿ 1891ರಲ್ಲಿ ಪತ್ರಿಕೆಯೊಂದು ನಡೆಸಿದ ಪಂದ್ಯವಾಗಿ ಆರಂಭವಾಯಿತು. ಆ ವರ್ಷ ಗೆದ್ದ ಶಾರ್ಲ್ ತೆರೋಂ ಮೂರು ದಿನಕ್ಕೂ ಕಡಿಮೆ ಸಮಯದಲ್ಲಿ, ಹೆಚ್ಚುಕಡಿಮೆ ನಿದ್ದೆಯೇ ಇಲ್ಲದೆ ಅದನ್ನು ಮುಗಿಸಿದ. ಈಗ ಅದು ಪಂದ್ಯವಲ್ಲ; ನಾಲ್ಕು ವರ್ಷಕ್ಕೊಮ್ಮೆ ನಡೆಯುವ, 1,200 ಕಿ.ಮೀ.ಗಳನ್ನು ಗರಿಷ್ಠ 90 ಗಂಟೆಯಲ್ಲಿ ಮುಗಿಸಬೇಕಾದ ಸವಾರಿ. ಅದರ ಹಾದಿ ಎಲ್ಲಿಯೂ ಸಮುದ್ರಮಟ್ಟದಿಂದ 400 ಮೀ. ಎತ್ತರ ಮುಟ್ಟುವುದಿಲ್ಲ. ನಮ್ಮ ಬಯಲುಸೀಮೆಯ ಊರುಗಳೇ ಅದಕ್ಕಿಂತ ಎತ್ತರದಲ್ಲಿವೆ. ಆದರೂ ಸಣ್ಣಸಣ್ಣ ದಿಣ್ಣೆಗಳೆಲ್ಲ ಸೇರಿ ಒಟ್ಟು ಏರಿಕೆ ಸುಮಾರು 12,000 ಮೀ. ಆಗುತ್ತದೆ. ನಂದಿಯ ಅಳತೆಯಲ್ಲಿ ಇಪ್ಪತ್ತೆಂಟು ಸಲದ ಆಸುಪಾಸು. ಒಂದು ದೊಡ್ಡ ಏರನ್ನು ಗೆಲ್ಲುವ ಅಭ್ಯಾಸ ಮಾಡಿದವನಿಗೆ ಅಲ್ಲಿ ಗೆಲ್ಲಲು ಒಂದೂ ದೊಡ್ಡ ಏರು ಸಿಗುವುದಿಲ್ಲ. ಮೂರು ದಿನ, ಮೂರು ರಾತ್ರಿ ಮುಗಿಯದ ಸಣ್ಣ ಏರುಗಳು ಮಾತ್ರ.

ಈ ಸವಾರಿಗೆ ಅರ್ಹತೆ ಪಡೆಯುವ ದಾರಿ ಬ್ರೆವೆಗಳ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗಳ, ಮೂಲಕ. ಭಾರತದಲ್ಲಿ ಆಡಾಕ್ಸ್ ಇಂಡಿಯಾ ರಾಂಡೊನ್ಯೂರ್ಸ್ ಅಡಿಯ ಕ್ಲಬ್ಬುಗಳು ಇವನ್ನು ನಡೆಸುತ್ತವೆ, ಕರ್ನಾಟಕದಲ್ಲೂ ನಡೆಯುತ್ತವೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ನಾಲ್ಕನ್ನೂ ಒಂದೇ ಋತುವಿನಲ್ಲಿ ಮುಗಿಸಿದವರಿಗೆ ‘ಸೂಪರ್ ರಾಂಡೊನ್ಯೂರ್’ ಎಂಬ ಹೆಸರು. ಗಡಿಯಾರ ಹೊರಟಲ್ಲಿಂದ ಮುಗಿಸುವವರೆಗೆ ನಿಲ್ಲುವುದಿಲ್ಲ. ಊಟ, ಪಂಕ್ಚರ್, ನಿದ್ದೆ ಎಲ್ಲ ಅದರೊಳಗೇ. ಹೊಸಬರು ಮರೆಯುವುದು ಇದನ್ನೇ.

600 ಕಿ.ಮೀ.ಯನ್ನೇ ತೆಗೆದುಕೊಳ್ಳೋಣ. ಚಲಿಸುವಾಗಿನ ಸರಾಸರಿ ವೇಗ ಗಂಟೆಗೆ 20 ಕಿ.ಮೀ. ಇದ್ದರೆ ಸೀಟಿನ ಮೇಲೆ 30 ಗಂಟೆ ಕಳೆಯುತ್ತದೆ. ಉಳಿಯುವುದು 10 ಗಂಟೆ. ವೇಗವನ್ನು 22ಕ್ಕೆ ಏರಿಸಿದರೆ 27 ಗಂಟೆ 16 ನಿಮಿಷ. ಉಳಿತಾಯ 2 ಗಂಟೆ 44 ನಿಮಿಷ. ಇದಕ್ಕೆ ತೆರಬೇಕಾದ ಬೆಲೆಯೇನು? ಸವಾರ, ಸೈಕಲ್, ಸಾಮಾನು ಸೇರಿ 82 ಕಿಲೋ ತೂಕ, ಗಾಳಿಯಿಲ್ಲದ ಸಮತಟ್ಟು ರಸ್ತೆ, ಸಾಧಾರಣ ಟೈರು ಎಂದಿಟ್ಟುಕೊಂಡರೆ 20 ಕಿ.ಮೀ. ವೇಗಕ್ಕೆ ಸುಮಾರು 62 ವ್ಯಾಟ್ ಸಾಕು. 22ಕ್ಕೆ ಸುಮಾರು 77 ಬೇಕು. ಗಾಳಿಯ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುವುದರಿಂದ, ಹತ್ತು ಶೇಕಡಾ ವೇಗಕ್ಕೆ ಇಪ್ಪತ್ತೈದು ಶೇಕಡಾ ಹೆಚ್ಚು ಶಕ್ತಿಯನ್ನು ಇಡೀ ದಿನ, ಇಡೀ ರಾತ್ರಿ ಸುರಿಯಬೇಕು. ಅದೇ ಸವಾರ ದಾರಿಯ ಎಂಟು ನಿಲುಗಡೆಗಳಲ್ಲಿ ತಲಾ 40 ನಿಮಿಷದ ಬದಲು 20 ನಿಮಿಷ ನಿಂತರೆ ಉಳಿಯುವುದು 2 ಗಂಟೆ 40 ನಿಮಿಷ. ಎರಡೂ ಸರಿಸುಮಾರು ಒಂದೇ. ಮೊದಲನೆಯದಕ್ಕೆ ತಿಂಗಳುಗಟ್ಟಲೆ ಬೆವರು ಬೇಕು. ಎರಡನೆಯದಕ್ಕೆ ನೀರು ತುಂಬುವುದು, ಬ್ರೆವೆ ಕಾರ್ಡಿಗೆ ಮೊಹರು ಹಾಕಿಸುವುದು, ತಿನ್ನುವುದು ಯಾವ ಕ್ರಮದಲ್ಲಿ ಎಂದು ಮೊದಲೇ ಗೊತ್ತಿದ್ದರೆ ಆಯಿತು. ಹೀಗಿದ್ದೂ ನಿಲುಗಡೆಯನ್ನು ಅಭ್ಯಾಸ ಮಾಡುವವರನ್ನು ಕಾಣುವುದು ಅಪರೂಪ. ಹೋಟೆಲಿನಲ್ಲಿ ದೋಸೆಗೆ ಆರ್ಡರ್ ಕೊಟ್ಟು ಫೋನ್ ನೋಡುತ್ತ ಕೂತ ಸಮಯ ಯಾರ ಸ್ಟ್ರಾವಾದಲ್ಲೂ ಎದ್ದು ಕಾಣುವುದಿಲ್ಲವಲ್ಲ!

ಇನ್ನು ತಾಳಿಕೆಯ ವಿಚಾರ. ವ್ಯಾಯಾಮ ಶರೀರವಿಜ್ಞಾನ ಬಹುಕಾಲ ಆಟಗಾರನನ್ನು ದಣಿವಿಲ್ಲದ ಸ್ಥಿತಿಯಲ್ಲೇ ಅಳೆಯಿತು: ಪ್ರಯೋಗಾಲಯಕ್ಕೆ ಬಾ, ಮುಖಕ್ಕೆ ಮಾಸ್ಕ್ ಹಾಕು, ಗರಿಷ್ಠ ಆಮ್ಲಜನಕ ಬಳಕೆ ನೋಡು, ಕಳಿಸು. 2021ರಲ್ಲಿ ಎಡ್ ಮಾಂಡರ್, ಸ್ಟೀಫನ್ ಸೈಲರ್ ಮತ್ತು ಸಂಗಡಿಗರು ಬರೆದ ಲೇಖನವೊಂದು ಈ ಪದ್ಧತಿಯ ಕೊರತೆಯನ್ನು ನೇರವಾಗಿ ಎತ್ತಿತು. ಗಂಟೆಗಟ್ಟಲೆ ದುಡಿದ ಮೇಲೆ ಈ ಅಳತೆಗಳು ಕುಸಿಯುತ್ತವೆ. ಎಷ್ಟು ಕುಸಿಯುತ್ತವೆ ಎಂಬುದು ಒಬ್ಬರಿಂದ ಒಬ್ಬರಿಗೆ ಬೇರೆ. ಹಾಗಾಗಿ ಆ ಕುಸಿತವನ್ನೇ ಒಂದು ಗುಣವೆಂದು ಅಳೆಯಬೇಕು ಎಂಬುದು ಅದರ ಸಾರ. ನಂದಿಯನ್ನು ಒಂದೇ ಸಮಯದಲ್ಲಿ ಹತ್ತುವ ಇಬ್ಬರಲ್ಲಿ ಒಬ್ಬ 250ನೇ ಕಿ.ಮೀ.ಯಲ್ಲೂ ಹೆಚ್ಚುಕಡಿಮೆ ಹಾಗೆಯೇ ತುಳಿಯುತ್ತಾನೆ, ಇನ್ನೊಬ್ಬ ದಿಣ್ಣೆ ಕಂಡರೆ ಇಳಿದು ತಳ್ಳುತ್ತಾನೆ. ಬೆಳಗಿನ ಗಡಿಯಾರ ಇವರಿಬ್ಬರನ್ನು ಬೇರೆ ಮಾಡಲಾರದು.

ಹಾಗಾದರೆ ಅಭ್ಯಾಸದಲ್ಲಿ ಏನು ಬದಲಾಗಬೇಕು? ಇಲ್ಲಿ ಸೈಲರ್ ಅವರ ಹೆಸರಿನೊಂದಿಗೆ ಓಡಾಡುವ ‘80–20’ ಸೂತ್ರವನ್ನು ಸ್ವಲ್ಪ ಎಚ್ಚರದಿಂದ ನೋಡಬೇಕು. ಉನ್ನತ ಮಟ್ಟದ ಸಹನಶಕ್ತಿಯ ಆಟಗಾರರು ಸುಮಾರು 80 ಶೇಕಡಾ ಅಭ್ಯಾಸಗಳನ್ನು ಆರಾಮವಾಗಿ ಮಾತಾಡಿಕೊಂಡು ಹೋಗುವ ತೀವ್ರತೆಯಲ್ಲೇ ಮಾಡುತ್ತಾರೆ ಎಂಬುದು ಅವರ ಅವಲೋಕನ. ಎಣಿಕೆ ಆಗಿರುವುದು ಗಂಟೆಗಳದ್ದಲ್ಲ, ಎಷ್ಟು ಸಲ ಅಭ್ಯಾಸ ಎಂಬುದರದ್ದು. ಗಂಟೆಗಳಲ್ಲಿ ಎಣಿಸಿದರೆ ಹಗುರ ಸವಾರಿಯ ಪಾಲು ಇನ್ನೂ ಹೆಚ್ಚು. ಆ ಆಟಗಾರರು ವಾರಕ್ಕೆ ಹದಿನೈದು–ಇಪ್ಪತ್ತು ಗಂಟೆ ದುಡಿಯುವವರು ಎಂಬುದನ್ನೂ ನೆನಪಿಡಬೇಕು. ಆಫೀಸು, ಮಕ್ಕಳ ಶಾಲೆ, ರಿಂಗ್ ರೋಡಿನ ಟ್ರಾಫಿಕ್ಕುಗಳ ನಡುವೆ ವಾರಕ್ಕೆ ಏಳೆಂಟು ಗಂಟೆ ಹೊಂದಿಸುವವನಿಗೆ ಅದೇ ಅನುಪಾತ ಅಕ್ಷರಶಃ ಹೊಂದಬೇಕೆಂದೇನೂ ಇಲ್ಲ. ನನಗೆ ಮುಖ್ಯವಾಗಿ ಕಾಣುವುದು ಬೇರೆ: ಕಷ್ಟದ ಭಾಗವನ್ನು ಸವಾರಿಯ ಯಾವ ತುದಿಯಲ್ಲಿಡುತ್ತೀರಿ ಎಂಬುದು. ಬೆಳಿಗ್ಗೆ ನಂದಿ ಹತ್ತಿ, ಹಿಂದಿರುಗುವಾಗ ಹಿಂಡಿನ ನೆರಳಲ್ಲಿ ಸುಮ್ಮನೆ ಉರುಳುವ ಬದಲು, ಮೊದಲು ದೊಡ್ಡಬಳ್ಳಾಪುರ, ಗೌರಿಬಿದನೂರು ಕಡೆ ನಾಲ್ಕೈದು ಗಂಟೆ ಹಗುರವಾಗಿ ತುಳಿದು ಆಮೇಲೆ ಬೆಟ್ಟಕ್ಕೆ ಬಂದರೆ ಅದೇ ಬೆಟ್ಟ ಬೇರೆ ಪರೀಕ್ಷೆಯಾಗುತ್ತದೆ. ಸಮಯ ಕೆಟ್ಟದಾಗಿ ಬರುತ್ತದೆ, ಬರಲಿ. ಭಾರ ಎತ್ತುವ ಅಭ್ಯಾಸದ ಪರವಾಗಿಯೂ ಒಳ್ಳೆಯ ಸಾಕ್ಷ್ಯವಿದೆ: ನಾರ್ವೆಯ ಬೆಂಟ್ ರೋನೆಸ್ಟಾಡ್ ತಂಡ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 12 ವಾರ ಕಾಲುಗಳಿಗೆ ಭಾರದ ವ್ಯಾಯಾಮ ಮಾಡಿದ ಸವಾರರು 185 ನಿಮಿಷ ತುಳಿದ ಮೇಲಿನ ಐದು ನಿಮಿಷದ ಪೂರ್ಣ ಶಕ್ತಿಯ ಪರೀಕ್ಷೆಯಲ್ಲಿ ಸುಧಾರಿಸಿದರು. ಮೂರು ಗಂಟೆ ಕಳೆದ ಮೇಲೆ ಅಳೆದದ್ದೇ ಆ ಪ್ರಯೋಗದ ಜಾಣತನ.

ಘಾಟಿಯಲ್ಲಿ ಲೆಕ್ಕ ತಿರುಗುತ್ತದೆ. ಗಾಳಿ ಹಿಂದೆ ಸರಿದು ಗುರುತ್ವ ಮುಂದೆ ಬರುತ್ತದೆ. 2008ರಿಂದ ನಡೆದುಬಂದಿರುವ ಟೂರ್ ಆಫ್ ನೀಲಗಿರೀಸ್‌ನಿಂದಾಗಿ ನಮ್ಮ ಸವಾರರಿಗೆ ಚಿರಪರಿಚಿತವಾದ ಕಲ್ಹಟ್ಟಿ ಘಾಟಿಯನ್ನೇ ನೋಡೋಣ. ಮಸಿನಗುಡಿ ಕಡೆಯಿಂದ ಊಟಿಗೆ ಹತ್ತುವ ಈ ರಸ್ತೆಗೆ 36 ಹೇರ್‌ಪಿನ್ ತಿರುವುಗಳು, ಸುಮಾರು ಸಾವಿರ ಮೀಟರ್ ಏರಿಕೆ. ಮೇಲಿನ 82 ಕಿಲೋ ಸವಾರ ಎಂಟು ಶೇಕಡಾ ಏರಿನಲ್ಲಿ ಗಂಟೆಗೆ 8 ಕಿ.ಮೀ. ವೇಗದಲ್ಲಿ ಹೋಗಲು ಸುಮಾರು 158 ವ್ಯಾಟ್ ಬೇಕು. ಇಷ್ಟು ಶಕ್ತಿ ಸಾಕಷ್ಟು ಜನಕ್ಕಿದೆ. ಇಲ್ಲದ್ದು ಗೇರ್. ಮುಂದೆ 34 ಹಲ್ಲು, ಹಿಂದೆ 28 ಹಲ್ಲಿನ ರೋಡ್ ಬೈಕಿನಲ್ಲಿ ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು ಎರಡೂವರೆ ಮೀಟರ್ ಸಾಗುತ್ತದೆ. ಆ ವೇಗಕ್ಕೆ ಪೆಡಲ್ ಸುತ್ತುವುದು ನಿಮಿಷಕ್ಕೆ 52 ಸಲ. ಮುಂದೆ 30, ಹಿಂದೆ 34 ಹಲ್ಲು ಇದ್ದರೆ ಅದೇ ವೇಗಕ್ಕೆ 72 ಸಲ. ಶಕ್ತಿ ಒಂದೇ, ಆದರೆ ಪ್ರತಿ ತುಳಿತಕ್ಕೆ ಪೆಡಲಿನ ಮೇಲೆ ಬೀಳುವ ಒತ್ತಡ ಎರಡನೆಯದರಲ್ಲಿ ಕಾಲುಭಾಗಕ್ಕಿಂತಲೂ ಜಾಸ್ತಿ ಇಳಿಯುತ್ತದೆ. ಒಂದೂವರೆ ಗಂಟೆಯ ಏರಿನಲ್ಲಿ ಮಂಡಿ, ಸೊಂಟ ಲೆಕ್ಕ ಇಡುವುದು ಈ ಒತ್ತಡವನ್ನು, ವ್ಯಾಟನ್ನಲ್ಲ.

ದೊಡ್ಡ ಗೇರಿನಲ್ಲಿ ಹಲ್ಲುಕಚ್ಚಿ ತುಳಿಯುವುದೇ ಗಂಡಸುತನ ಎಂಬ ಧೋರಣೆ ಹೊಸದಲ್ಲ. ಫ್ರಾನ್ಸಿನ ಸೇಂಟ್ ಎಟಿಯೆನ್‌ನ ಪಾಲ್ ದ ವಿವಿ (1853–1930), ‘ವೆಲೊಸಿಯೊ’ ಎಂಬ ಹೆಸರಿನಿಂದ ಬರೆಯುತ್ತಿದ್ದವನು, ತನ್ನ ‘ಲ ಸೈಕ್ಲಿಸ್ಟ್’ ಪತ್ರಿಕೆಯಲ್ಲಿ ಹಲವು ಗೇರುಗಳ ಪರವಾಗಿ ದಶಕಗಟ್ಟಲೆ ವಾದಿಸಿದ. ಊರ ಹತ್ತಿರದ ಕೋಲ್ ದು ಗ್ರಾಂ ಬ್ವಾ ಏರೇ ಅವನ ಪ್ರಯೋಗಶಾಲೆ. ಅವನು ಸಸ್ಯಾಹಾರಿ. ಹಸಿವಾಗುವ ಮೊದಲು ತಿನ್ನಬೇಕು, ಬಾಯಾರುವ ಮೊದಲು ಕುಡಿಯಬೇಕು, ನಿಲುಗಡೆ ಚಿಕ್ಕದಿರಬೇಕು ಎಂಬುದೆಲ್ಲ ಅವನ ಬೋಧನೆ. ನೂರು ವರ್ಷದ ಹಿಂದಿನ ಈ ಪಟ್ಟಿಯಲ್ಲಿ ತೆಗೆದುಹಾಕಬೇಕಾದದ್ದು ಹೆಚ್ಚೇನಿಲ್ಲ. ಟೂರ್ ಡಿ ಫ್ರಾನ್ಸ್‌ನ ಸಂಘಟಕ ಆಂರಿ ದೆಗ್ರಾಂಜ್ ಮಾತ್ರ ಗೇರ್ ಬದಲಾವಣೆಯನ್ನು ವಯಸ್ಸಾದವರ ಚಾಳಿಯೆಂದು ತಳ್ಳಿಹಾಕಿದ. 1910ರಲ್ಲೇ ಪಂದ್ಯ ಪಿರನೀಸ್ ಪರ್ವತದ ತೂರ್ಮಲೆ ಹತ್ತಿದರೂ ಗೇರ್ ಬದಲಿಸುವ ಡಿರೇಲರಿಗೆ ಅಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ, ಅವನು ಪಂದ್ಯದ ಹೊಣೆ ಬಿಟ್ಟ ಮೇಲೆ. ಕ್ಯಾಸೆಟ್ ಬದಲಿಸಿಕೊಳ್ಳಲು ಹಿಂಜರಿಯುವ ಇಂದಿನ ಸವಾರ ತಿಳಿಯದೆಯೇ ದೆಗ್ರಾಂಜನ ಪಕ್ಷದಲ್ಲಿದ್ದಾನೆ.

ಬಯಲುಸೀಮೆಯವನು ಒಂದೂವರೆ ಗಂಟೆಯ ಏರನ್ನು ಎಲ್ಲಿಂದ ತರಬೇಕು? ನನ್ನ ಉತ್ತರ: ಆಷಾಢದ ಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಒಳನಾಡಿನ ಮೇಲೆ ಬಿಡುವಿಲ್ಲದೆ ಬೀಸುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ, ಗದಗಿನ ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳು ನಿಂತಿರುವುದು ಅದಕ್ಕಾಗಿಯೇ. ಗಂಟೆಗೆ 17–18 ಕಿ.ಮೀ. ಎದುರುಗಾಳಿಯಲ್ಲಿ ಸಮತಟ್ಟು ರಸ್ತೆಯ ಮೇಲೆ 20 ಕಿ.ಮೀ. ವೇಗ ಕಾಯ್ದುಕೊಳ್ಳಲು ಬೇಕಾಗುವುದು ಸುಮಾರು 156ರಿಂದ 163 ವ್ಯಾಟ್. ಅಂದರೆ ಕಲ್ಹಟ್ಟಿಯಷ್ಟೇ. ಏರಿನಂತೆ ಎದುರುಗಾಳಿಯಲ್ಲೂ ಕಾಲು ಬಿಟ್ಟು ಉರುಳುವಂತಿಲ್ಲ, ನಿಲ್ಲಿಸಿದ ಕ್ಷಣ ಸೈಕಲ್ ನಿಧಾನವಾಗುತ್ತದೆ. ಬೆಂಗಳೂರಿನಿಂದ ತುಮಕೂರು, ಶಿರಾ ಕಡೆ ಹೊರಟರೆ ಇದು ನಾಲ್ಕೈದು ಗಂಟೆ ಪುಕ್ಕಟೆಯಾಗಿ ದೊರೆಯುತ್ತದೆ. ಪೂರ್ತಿ ಸಮಾನವೇನಲ್ಲ: ಘಾಟಿಯಲ್ಲಿ ವೇಗ ಕಡಿಮೆ, ಹಾಗಾಗಿ ಸೈಕಲ್ಲಿನ ಓಟದ ಒತ್ತು ಪ್ರತಿ ಸುತ್ತಿನಲ್ಲೂ ಕರಗಿ ಪೆಡಲ್ ತೊಡರಿದಂತಾಗುತ್ತದೆ, ಗಾಳಿಯಲ್ಲಿ ಆ ಒತ್ತು ಉಳಿದಿರುತ್ತದೆ. ದೇಹ ಬಾಗಿಸಿ ಕೂರುವ ಭಂಗಿಯೂ ಬೇರೆ. ಆದರೂ ವರ್ಷಕ್ಕೆ ಮೂರು ತಿಂಗಳು ಮಳೆಗಾಲವೆಂದು ಸೈಕಲ್ ಗೋಡೆಗೊರಗಿಸಿ, ಡಿಸೆಂಬರ್‌ನಲ್ಲಿ ಊಟಿಗೆ ಹೊರಡುವವರು ತಮ್ಮ ಅತ್ಯುತ್ತಮ ಘಾಟಿಯನ್ನು ಬಿಟ್ಟುಕೊಟ್ಟಂತೆ.

ಆಹಾರದ ವಿಷಯದಲ್ಲಿ ಸಾಕ್ಷ್ಯ ಗಟ್ಟಿಯಾಗಿದೆ, ಅದರ ಇತಿಹಾಸವೂ ಸ್ವಾರಸ್ಯಕರ. ಸ್ವೀಡನ್ನಿನ ಯೋನಾಸ್ ಬೆರಿಸ್ಟ್ರೋಮ್ ಮತ್ತು ಎರಿಕ್ ಹುಲ್ಟ್‌ಮನ್ ಎಂಬ ವೈದ್ಯರು 1966ರಲ್ಲಿ ‘ನೇಚರ್’ನಲ್ಲಿ ಒಂದು ಪುಟ್ಟ ಪ್ರಯೋಗ ಪ್ರಕಟಿಸಿದರು. ಪ್ರಯೋಗಕ್ಕೆ ಒಡ್ಡಿಕೊಂಡವರು ಅವರೇ. ಒಂದೇ ಸೈಕಲ್ ಯಂತ್ರದ ಎರಡು ಬದಿಗೆ ಒಬ್ಬೊಬ್ಬರು ಕೂತು, ತಲಾ ಒಂದೊಂದು ಕಾಲಿನಿಂದ ಶಕ್ತಿ ಬತ್ತುವವರೆಗೆ ತುಳಿದರು; ಇನ್ನೊಂದು ಕಾಲಿಗೆ ಪೂರ್ತಿ ವಿಶ್ರಾಂತಿ. ಬಳಿಕ ಮೂರು ದಿನ ಪಿಷ್ಟ ಹೇರಳವಾದ ಊಟ. ಎರಡೂ ತೊಡೆಗಳಿಂದ ಸೂಜಿಯಲ್ಲಿ ಸ್ನಾಯುವಿನ ಚೂರು ತೆಗೆದು ನೋಡಿದಾಗ, ದುಡಿದ ಕಾಲಿನಲ್ಲಿ ಪಿಷ್ಟದ ದಾಸ್ತಾನಾದ ಗ್ಲೈಕೊಜನ್ ಖಾಲಿಯಾಗಿ, ಆಮೇಲೆ ವಿಶ್ರಮಿಸಿದ ಕಾಲಿಗಿಂತ ಎಷ್ಟೋ ಹೆಚ್ಚಾಗಿ ತುಂಬಿಕೊಂಡಿತ್ತು. ಊಟ ಒಂದೇ, ರಕ್ತ ಒಂದೇ. ತುಂಬಿಕೊಂಡದ್ದು ದುಡಿದ ಕಾಲು ಮಾತ್ರ. ಸವಾರಿಯ ಹಿಂದಿನ ದಿನಗಳಲ್ಲಿ ಅನ್ನ, ಮುದ್ದೆ, ಚಪಾತಿ ಹೆಚ್ಚು ತಿನ್ನುವ ಸಲಹೆಯ ಬೇರು ಇಲ್ಲಿದೆ.

ಆದರೆ ಎಷ್ಟು ತುಂಬಿಸಿದರೂ ದೇಹದ ದಾಸ್ತಾನು ಅರ್ಧ ಕಿಲೋ ಆಸುಪಾಸು, ಅಂದರೆ ಸುಮಾರು 2,000 ಕಿಲೋಕ್ಯಾಲರಿ. ಕಲ್ಹಟ್ಟಿಯ ಸಾವಿರ ಮೀಟರ್ ಏರಿಕೆಯೊಂದೇ 800ರಷ್ಟನ್ನು ಬೇಡುತ್ತದೆ. ಕೊಬ್ಬು ಪಾಲುಗಾರನಾದರೂ ಏರಿನಲ್ಲಿ ಪಿಷ್ಟದ ಪಾಲೇ ಹಿರಿದು. ಹಾಗಾಗಿ ದಾರಿಯಲ್ಲಿ ತಿನ್ನಲೇಬೇಕು. ಗ್ಲುಕೋಸ್ ಒಂದರಿಂದಲೇ ಆದರೆ ದೇಹ ಗಂಟೆಗೆ ಸುಮಾರು 60 ಗ್ರಾಂ ಉರಿಸಬಲ್ಲದು. ಫ್ರಕ್ಟೋಸ್ ಜೊತೆಗೂಡಿದರೆ 90 ಗ್ರಾಂವರೆಗೆ, ಏಕೆಂದರೆ ಕರುಳಿನಲ್ಲಿ ಎರಡಕ್ಕೂ ಹೀರುವ ದಾರಿ ಬೇರೆ. ಬಾಳೆಹಣ್ಣು, ಬೆಲ್ಲ ಎರಡರಲ್ಲೂ ಈ ಮಿಶ್ರಣ ತಾನಾಗಿಯೇ ಇದೆ. ಗಂಟೆಗೆ 60 ಗ್ರಾಂ ಎಂದರೆ ಎರಡು–ಮೂರು ಬಾಳೆಹಣ್ಣು. ಹತ್ತು ಗಂಟೆಗೆ ಎರಡು ಡಜನ್! ಕಾಲಿನಷ್ಟೇ ಹೊಟ್ಟೆಗೂ ಅಭ್ಯಾಸ ಬೇಕೆನ್ನುವುದು ಇದಕ್ಕೆ. ವ್ಯಾಯಾಮದ ಜೊತೆ ದಿನವೂ ಹೆಚ್ಚು ಪಿಷ್ಟ ತೆಗೆದುಕೊಂಡ ಸವಾರರು ಅದನ್ನು ಇನ್ನಷ್ಟು ಚೆನ್ನಾಗಿ ಉರಿಸಲು ಕಲಿತದ್ದನ್ನು 2010ರ ಆಸ್ಟ್ರೇಲಿಯಾದ ಅಧ್ಯಯನವೊಂದು ತೋರಿಸಿತು. ಭಾನುವಾರ ಖಾಲಿ ಹೊಟ್ಟೆಯಲ್ಲಿ ನಂದಿ ಹತ್ತಿ ಕೆಳಗೆ ಬಂದು ತಿನ್ನುವ ಪದ್ಧತಿ ಈ ಕಲಿಕೆಗೆ ಅವಕಾಶವನ್ನೇ ಕೊಡುವುದಿಲ್ಲ.

ಅಂಗೈಗಳ ವಿಷಯ ಚಿಕ್ಕದು, ನಿರ್ಲಕ್ಷಿಸುವಂಥದಲ್ಲ. ಆರು ದಿನಗಳ 420 ಮೈಲಿ ಸವಾರಿಯ ಮುಂಚೆ ಮತ್ತು ಆಮೇಲೆ ಸವಾರರ ಕೈಗಳನ್ನು ಪರೀಕ್ಷಿಸಿದ 2005ರ ಅಮೆರಿಕದ ಅಧ್ಯಯನವೊಂದು, ಹ್ಯಾಂಡಲ್ ಮೇಲಿನ ಒತ್ತಡದಿಂದ ಅಲ್ನರ್ ನರದ ಆಳದ ಕವಲಿನಲ್ಲಿ ಸಂಕೇತ ನಿಧಾನವಾದದ್ದನ್ನು ದಾಖಲಿಸಿದೆ. ಕಿರುಬೆರಳು ಜೋಮು ಹಿಡಿದಾಗ ಕೈ ಕೊಡವಿ ಮುಂದುವರಿಯುವ ಬದಲು ಹಿಡಿತ ಬದಲಿಸುವುದನ್ನು ಅಭ್ಯಾಸದಲ್ಲೇ ರೂಢಿ ಮಾಡಿಕೊಳ್ಳಬೇಕು.

ನಿದ್ದೆಗೆಡುವುದನ್ನು ಅಭ್ಯಾಸದಿಂದ ಗೆಲ್ಲಬಹುದೆಂದು ನಾನು ನಂಬುವುದಿಲ್ಲ. ಡಾಸನ್ ಮತ್ತು ರೀಡ್ 1997ರಲ್ಲಿ ತೋರಿಸಿದಂತೆ, 17 ಗಂಟೆ ಎಚ್ಚರವಿದ್ದವನ ಕೈ–ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ 0.05 ಶೇಕಡಾ ಮದ್ಯ ಇರುವವನಷ್ಟು ಕುಸಿಯುತ್ತದೆ. 24 ಗಂಟೆಗೆ ಅದು 0.10 ಶೇಕಡಾದ ಮಟ್ಟ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ 0.03. ಬೆಳಿಗ್ಗೆ ನಾಲ್ಕಕ್ಕೆದ್ದು 400 ಕಿ.ಮೀ. ಹೊರಟವನು ರಾತ್ರಿ ಒಂಬತ್ತರ ಹೊತ್ತಿಗೇ ಆ ಮಿತಿಯನ್ನು ದಾಟಿದ ಸ್ಥಿತಿಯಲ್ಲಿ ಹೆದ್ದಾರಿಯ ಲಾರಿಗಳ ಪಕ್ಕ ಇರುತ್ತಾನೆ. ನಿಲುಗಡೆಗಳಲ್ಲಿ ಉಳಿಸಿದ ಸುಮಾರು ಎರಡೂ ಮುಕ್ಕಾಲು ಗಂಟೆಯನ್ನು ಎಲ್ಲಿ ಖರ್ಚು ಮಾಡಬೇಕು ಎಂಬುದಕ್ಕೆ ನಿದ್ದೆಗಿಂತ ಬೇರೆ ಉತ್ತರ ಬೇಡ.

ಕೊನೆಯದು ಹಿಮಾಲಯ. ಮನಾಲಿ–ಲೇಹ್ ಹಾದಿಯ ಕನಸು ಕಾಣದ ಕನ್ನಡ ಸವಾರ ಕಡಿಮೆ. ಅದಕ್ಕೆ ಇಲ್ಲಿನ ಬೆಟ್ಟಗಳಲ್ಲಿ ಮಾಡುವ ಸಿದ್ಧತೆ ಕಾಲಿಗೆ ಒದಗುತ್ತದೆ, ಉಸಿರಿಗೆ ಒದಗುವುದಿಲ್ಲ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀ.; ನೀಲಗಿರಿಯ ದೊಡ್ಡಬೆಟ್ಟ 2,637 ಮೀ. ಮನಾಲಿ–ಲೇಹ್ ಹಾದಿಯ ತಂಗ್ಲಂಗ್ ಲಾ 5,300 ಮೀ. ಮೀರಿದ್ದು, ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದ ಹತ್ತಿರ. 1,500 ಮೀ. ದಾಟಿದ ಮೇಲೆ ಪ್ರತಿ 100 ಮೀಟರಿಗೆ ಗರಿಷ್ಠ ಆಮ್ಲಜನಕ ಬಳಕೆ ಸುಮಾರು ಒಂದು ಶೇಕಡಾ ಇಳಿಯುತ್ತದೆ. ದೇಹ ಒಗ್ಗಲು ಬೇಕಾದದ್ದು ಎತ್ತರದಲ್ಲಿ ಕಳೆದ ರಾತ್ರಿಗಳು. 3,000 ಮೀ. ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀ.ಗಿಂತ ಹೆಚ್ಚಿಸಬಾರದೆಂಬುದು ಪರ್ವತ ವೈದ್ಯರ ಸಾಮಾನ್ಯ ಸಲಹೆ. ಕಸುವು ಎತ್ತರದ ಕಾಯಿಲೆಯಿಂದ ಕಾಪಾಡದು. ತೊಂದರೆಗೆ ದಾರಿ ಮಾಡುವುದೂ ಉಂಟು: ಗಟ್ಟಿ ಸವಾರ ಸುಮಾರು 3,200 ಮೀ. ಎತ್ತರದ ಜಿಸ್ಪಾದಿಂದ ಹೊರಟು, ಅದೇ ದಿನ ಬಾರಾಲಾಚಾ ಲಾ ದಾಟಿ, 4,290 ಮೀ. ಎತ್ತರದ ಸರ್ಚುವಿನಲ್ಲಿ ಮಲಗಬಲ್ಲ. ಒಂದೇ ರಾತ್ರಿಗೆ ಸಾವಿರ ಮೀಟರ್ ಮೇಲೆ! ಅಷ್ಟು ಕಸುವಿಲ್ಲದವನು ನಡುವೆ ಪತ್ಸಿಯೋದಲ್ಲಿ, ಸುಮಾರು 3,800 ಮೀ. ಎತ್ತರದಲ್ಲಿ, ಸುಸ್ತಾಗಿ ನಿಲ್ಲುತ್ತಾನೆ. ಅದೂ 500 ಮೀ. ಮಿತಿಯನ್ನು ಸ್ವಲ್ಪ ಮೀರಿದ್ದೇ, ಆದರೆ ಸರ್ಚುವಿಗೆ ಹೋಲಿಸಿದರೆ ಏನೂ ಅಲ್ಲ. ಜಿಸ್ಪಾದಲ್ಲಿ ಎರಡು ರಾತ್ರಿ, ಪತ್ಸಿಯೋದಲ್ಲಿ ಒಂದು, ಆಮೇಲೆ ಸರ್ಚು ಎಂದು ದಿನಗಳನ್ನು ರಜೆ ಚೀಟಿ ಬರೆಯುವಾಗಲೇ ಸೇರಿಸಿಕೊಳ್ಳಬೇಕು. ಬೆಂಗಳೂರಿನಲ್ಲಿ ಎಷ್ಟು ಬೆಟ್ಟ ಹತ್ತಿದರೂ ಆ ಎರಡು ದಿನಗಳನ್ನು ಕಳೆಯಲು ಬರುವುದಿಲ್ಲ.